ಮುಪ್ಪು, ಮರೆವು ಮತ್ತು 678 ಭಗಿನಿಯರು

ಅರವತ್ತಕ್ಕೆ ಅರಳುಮರುಳು ಎಂಬ ಮಾತನ್ನು ಕೇಳದ ಕನ್ನಡಿಗರಿಲ್ಲ. ಮನೆಯ ಹಿರಿಯರು ಕನ್ನಡಕವನ್ನು ಎಲ್ಲಿಟ್ಟೆನೆಂದು ಹುಡುಕುವಾಗ, ಹೇಳಿದ್ದನ್ನೇ ಮತ್ತೆ ಹೇಳುವಾಗ ನಾವು ಈ ಮಾತನ್ನು ನಗುತ್ತಲೇ ಆಡಿಬಿಡುತ್ತೇವೆ. ಪ್ರಿಯ ವಾಚಕರೇ, ಈ ಮಾತು ಎಷ್ಟರಮಟ್ಟಿಗೆ ನಿಜ? ವಯಸ್ಸಾದವರೆಲ್ಲರಿಗೂ ಮರುಳು ಕವಿಯಲೇಬೇಕೆ? ಈ ಪ್ರಶ್ನೆಗೆ ಉತ್ತರ ಹುಡುಕಿದ ಚರಿತ್ರೆಯಲ್ಲಿ ಕನ್ಯಾಮಠವೊಂದಕ್ಕೆ ವಿಶಿಷ್ಟವಾದ ಸ್ಥಾನವಿದೆ.

ನೆನಪೆಂಬುದು ಧರ್ಮಸಭೆಗೆ ಹೊಸ ವಿಷಯವಲ್ಲ. ಸುಮಾರು ಕ್ರಿ.ಶ. 400ರಲ್ಲಿ ಸಂತ ಅಗಸ್ಟೀನರು ತಮ್ಮ 'ಕನ್ಫೆಷನ್ಸ್' ಗ್ರಂಥದ ಹತ್ತನೆಯ ಭಾಗದಲ್ಲಿ ನೆನಪನ್ನು ವಿಶಾಲವಾದ ಅರಮನೆಗೆ ಹೋಲಿಸಿ, ಅದರೊಳಗೆ ದೇವರನ್ನು ಅರಸಿದರು. ಆದರೆ ಆ ಅರಮನೆ ಶರೀರದ ಯಾವ ಭಾಗದಲ್ಲಿದೆ, ಅದು ಕುಸಿಯುವುದು ಹೇಗೆ ಎಂಬುದು ಅನೇಕ ಶತಮಾನಗಳವರೆಗೆ ತಿಳಿದಿರಲಿಲ್ಲ.

1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ 51 ವರ್ಷದ ಮಹಿಳೆಯೊಬ್ಬರನ್ನು ಕರೆತರಲಾಯಿತು. ಅವರ ಹೆಸರು ಆಗುಸ್ಟೆ. ತಮ್ಮ ಹೆಸರನ್ನು ಬರೆಯಲೂ ಅವರು ತಡವರಿಸುತ್ತಿದ್ದರು. ಅವರನ್ನು ಪರೀಕ್ಷಿಸಿದವರು ಡಾ. ಅಲೋಯಿಸ್ ಆಲ್ಜೈಮರ್. 1906ರಲ್ಲಿ ಆಗುಸ್ಟೆ ತೀರಿಕೊಂಡಾಗ, ಮ್ಯೂನಿಕ್ ನಗರಕ್ಕೆ ಹೋಗಿದ್ದ ಆ ವೈದ್ಯರು ಅವರ ಮೆದುಳನ್ನು ತರಿಸಿಕೊಂಡು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನರಕೋಶಗಳ ನಡುವೆ ಗಟ್ಟಿಯಾದ ಕಲೆಗಳು, ಕೋಶಗಳ ಒಳಗೆ ಸಿಕ್ಕುಬಿದ್ದ ಎಳೆಗಳು ಅವರಿಗೆ ಕಂಡವು. ಹೀಗೆ ಮರೆವಿನ ಕಾಯಿಲೆಯೊಂದಕ್ಕೆ ಗುರುತು ಸಿಕ್ಕಿತು. 1910ರಲ್ಲಿ ಅದಕ್ಕೆ ಆಲ್ಜೈಮರ್ ಅವರ ಹೆಸರೇ ಬಂದಿತು.

1953ರಲ್ಲಿ ಅಮೆರಿಕದಲ್ಲಿ ಮತ್ತೊಂದು ಬಾಗಿಲು ತೆರೆಯಿತು. ಹೆನ್ರಿ ಮೊಲೈಸನ್ ಎಂಬ 27 ವರ್ಷದ ಯುವಕನ ಮೂರ್ಛೆರೋಗವನ್ನು ನಿಲ್ಲಿಸಲು ವೈದ್ಯರು ಮೆದುಳಿನ ಎರಡೂ ಪಕ್ಕಗಳಿಂದ ಹಿಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆದುಹಾಕಿದರು. ಕಡಲಕುದುರೆಯ ಆಕಾರವಿರುವುದರಿಂದ ಆ ಭಾಗಕ್ಕೆ ಈ ಹೆಸರು. ಅಂದಿನಿಂದ 2008ರಲ್ಲಿ ಸಾಯುವವರೆಗೂ ಹೊಸ ಘಟನೆಗಳು ಆತನ ನೆನಪಿನಲ್ಲಿ ಉಳಿಯಲಿಲ್ಲ. ಬಾಲ್ಯದ ನೆನಪುಗಳು ಮಾತ್ರ ಉಳಿದುಕೊಂಡವು. ಹೊಸದನ್ನು ನೆನಪಿಗೆ ಸೇರಿಸುವ ಕೆಲಸ ಹಿಪೊಕ್ಯಾಂಪಸ್‌ನದು, ಹಳೆಯ ನೆನಪುಗಳ ನೆಲೆ ಬೇರೆಡೆಯೂ ಇದೆ ಎಂಬುದು ಇದರಿಂದ ಸ್ಪಷ್ಟವಾಯಿತು. ನಿನ್ನೆಯ ಊಟವನ್ನು ಮರೆತ ಅಜ್ಜಿ ತನ್ನ ಮದುವೆಯ ದಿನವನ್ನು ವಿವರವಾಗಿ ಹೇಳುವುದೇಕೆಂದು ಈಗ ನಿಮಗೆ ಅರ್ಥವಾಗಬಹುದು. ಮುಪ್ಪಿನಲ್ಲಿ ಹಿಪೊಕ್ಯಾಂಪಸ್ ಮೆಲ್ಲಮೆಲ್ಲನೆ ಕುಗ್ಗುತ್ತದೆ, ನರಕೋಶಗಳ ನಡುವಣ ಬೆಸುಗೆಗಳು ಸಡಿಲವಾಗುತ್ತವೆ, ಹೆಸರುಗಳು ತಡವಾಗಿ ನಾಲಿಗೆಗೆ ಬರುತ್ತವೆ. ಆದರೆ ಶಬ್ದಭಂಡಾರವೂ ಬಾಳಿನ ತಿಳಿವಳಿಕೆಯೂ ಬಹುಕಾಲ ಉಳಿಯುತ್ತವೆ. ಇದು ರೋಗವಲ್ಲ, ವಯೋಧರ್ಮ.

ಹಾಗಾದರೆ ವಯೋಧರ್ಮಕ್ಕೂ ರೋಗಕ್ಕೂ ನಡುವಿನ ಗೆರೆ ಎಲ್ಲಿದೆ? 1986ರಲ್ಲಿ ಡೇವಿಡ್ ಸ್ನೋಡನ್ ಎಂಬ ಸಂಶೋಧಕರು ಈ ಪ್ರಶ್ನೆಯನ್ನು ಹೊತ್ತು ಅಮೆರಿಕದ ಮಿನ್ನೆಸೋಟದಲ್ಲಿದ್ದ ನೋತ್ರ್‌ದಾಮ್ ಶಾಲಾ ಭಗಿನಿಯರ ಮಠಕ್ಕೆ ಬಂದರು. ಧನ್ಯೆ ತೆರೇಸಾ ಗೆರ್ಹಾರ್ಡಿಂಗರ್ 1833ರಲ್ಲಿ ಬವೇರಿಯದಲ್ಲಿ ಸ್ಥಾಪಿಸಿದ ಸಭೆಯಿದು, ಡಾ. ಆಲ್ಜೈಮರ್ ಹುಟ್ಟಿದ್ದೂ ಅದೇ ಬವೇರಿಯದಲ್ಲಿ. ಭಗಿನಿಯರ ಊಟ, ಕೆಲಸ, ಚಿಕಿತ್ಸೆ, ದಿನಚರಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಆಗಿದ್ದುದರಿಂದ ಅವರ ನಡುವಿನ ವ್ಯತ್ಯಾಸಗಳನ್ನು ಅಳೆಯುವುದು ಸುಲಭವಾಗಿತ್ತು. 75 ವರ್ಷ ದಾಟಿದ 678 ಭಗಿನಿಯರು ನೆನಪಿನ ಪರೀಕ್ಷೆಗಳಿಗೆ ಒಪ್ಪಿದರು. ಮರಣಾನಂತರ ತಮ್ಮ ಮೆದುಳನ್ನು ಸಂಶೋಧನೆಗೆ ಕೊಡಲೂ ಒಪ್ಪಿದರು. ಆಯುಷ್ಯವಿಡೀ ಮಕ್ಕಳಿಗೆ ಪಾಠ ಹೇಳಿದವರು ಸತ್ತ ಮೇಲೂ ಕಲಿಸಲು ಸಿದ್ಧರಾದರು. ಇದನ್ನು ತ್ಯಾಗವೆನ್ನದೆ ಮತ್ತೇನೆನ್ನೋಣ?

ಮಠದ ಕಡತಗಳಲ್ಲಿ ಇನ್ನೊಂದು ನಿಧಿಯಿತ್ತು. 1930ರ ದಶಕದಲ್ಲಿ ವ್ರತ ಸ್ವೀಕರಿಸುವ ಮುನ್ನ ತರುಣ ಭಗಿನಿಯರು ತಮ್ಮ ಬಾಳಿನ ಕಥೆಯನ್ನು ಒಂದು ಹಾಳೆಯಲ್ಲಿ ಬರೆದಿದ್ದರು. ಇಪ್ಪತ್ತರ ಹರೆಯದಲ್ಲಿ ವಿಚಾರಸಮೃದ್ಧವಾದ ವಾಕ್ಯಗಳನ್ನು ಬರೆದವರಿಗೆ ಮುಪ್ಪಿನಲ್ಲಿ ಮರೆವಿನ ರೋಗ ವಿರಳವೆಂದು 1996ರಲ್ಲಿ ಪ್ರಕಟವಾದ ಲೇಖನ ತೋರಿಸಿತು. ಅದೇ ಬರಹಗಳಲ್ಲಿ ಸಂತೋಷ, ಕೃತಜ್ಞತೆಗಳನ್ನು ಹೆಚ್ಚಾಗಿ ತೋಡಿಕೊಂಡವರು ಹೆಚ್ಚು ಕಾಲ ಬಾಳಿದರೆಂದು 2001ರ ಅಧ್ಯಯನ ಹೇಳಿತು. ಒಂದು ಇನ್ನೊಂದಕ್ಕೆ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೂ ಬಾಲ್ಯ ಯೌವನಗಳ ಕಲಿಕೆ ಮುಪ್ಪಿನವರೆಗೂ ಕೈಹಿಡಿಯಬಹುದೆಂಬ ಸೂಚನೆ ಇದರಲ್ಲಿದೆ.

ಎಲ್ಲಕ್ಕಿಂತ ಬೆರಗಿನ ಕಥೆ ಭಗಿನಿ ಮೇರಿಯವರದು. ಹತ್ತೊಂಬತ್ತರಲ್ಲಿ ಬೋಧನೆ ಆರಂಭಿಸಿ 84ರವರೆಗೂ ಕಲಿಸಿದ ಅವರು 101ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಯವರೆಗೂ ನೆನಪಿನ ಪರೀಕ್ಷೆಗಳಲ್ಲಿ ಒಳ್ಳೆಯ ಅಂಕಗಳನ್ನೇ ಪಡೆದಿದ್ದರು. ಅವರ ಮೆದುಳನ್ನು ಪರೀಕ್ಷಿಸಿದಾಗ ಆಲ್ಜೈಮರ್ ಕಂಡಿದ್ದ ಅವೇ ಕಲೆಗಳು, ಅವೇ ಸಿಕ್ಕುಗಳು ಯಥೇಚ್ಛವಾಗಿದ್ದವು! ರೋಗದ ಗುರುತುಗಳಿದ್ದರೂ ರೋಗಿಯಾಗದೆ ಬಾಳಬಹುದೆಂಬುದು ಹೀಗೆ ಬೆಳಕಿಗೆ ಬಂದಿತು. ಜೀವನವಿಡೀ ಕಟ್ಟಿಕೊಂಡ ಈ ಶಕ್ತಿಯನ್ನು ವಿಜ್ಞಾನಿಗಳು ಮೆದುಳಿನ ಮೀಸಲು ಬಲವೆನ್ನುತ್ತಾರೆ. ಪಾರ್ಶ್ವವಾಯುವಿನ ಸಣ್ಣಪುಟ್ಟ ಗಾಯಗಳು ಮೆದುಳಿನಲ್ಲಿ ಸೇರಿಕೊಂಡರೆ ಈ ಬಲ ಬೇಗ ಸೋಲುತ್ತದೆಂದೂ ಇದೇ ಅಧ್ಯಯನ 1997ರಲ್ಲಿ ಎಚ್ಚರಿಸಿತು. ರಕ್ತದೊತ್ತಡವನ್ನು ಹತೋಟಿಯಲ್ಲಿಡುವುದು ನೆನಪನ್ನು ಕಾಯುವ ಕೆಲಸವೂ ಹೌದು.

ನಮ್ಮ ಕುಟುಂಬಗಳಿಗೆ ಇಲ್ಲಿ ಎರಡು ಪಾಠಗಳಿವೆ. ಹೆಸರು ಮರೆಯುವ ಹಿರಿಯರನ್ನು ಮರುಳರೆಂದು ಕರೆಯಬೇಡಿ. ಅವರೊಡನೆ ಮಾತನಾಡಿ, ಓದಿಸಿ, ಮೊಮ್ಮಕ್ಕಳಿಗೆ ಕಥೆ ಹೇಳಿಸಿ. ಆದರೆ ದಿನವೂ ನಡೆದ ದಾರಿಯೇ ತಪ್ಪತೊಡಗಿದರೆ, ಅಡುಗೆ ಮಾಡುವ ಕ್ರಮವೇ ಮರೆತರೆ, ವಯಸ್ಸಿನ ನೆಪ ಹೇಳಿ ಸುಮ್ಮನಿರದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಎಲ್ಲ ಪ್ರಯತ್ನಗಳ ನಂತರವೂ ಕೆಲವರು ಮರೆಯುತ್ತಾರೆ. ಆ ಮಠದಲ್ಲಿಯೂ ಅನೇಕ ಭಗಿನಿಯರು ಮರೆತರು. ಅವರ ಪ್ರಾರ್ಥನೆಯಲ್ಲಿ ಕೊರತೆಯಿತ್ತೆಂದು ಯಾರೂ ಹೇಳಲಾರರು. ಮಗನ ಹೆಸರನ್ನೇ ಮರೆತ ತಾಯಿ, ಎಳವೆಯಲ್ಲಿ ಬಾಯಿಪಾಠವಾದ ಜಪಸರದ ಪ್ರಾರ್ಥನೆಗೆ ತುಟಿ ಸೇರಿಸುವುದುಂಟು. ಪಕ್ಕದಲ್ಲಿ ಕುಳಿತು ಆರಂಭಿಸಿಕೊಡುವವರು ಬೇಕಷ್ಟೆ. ತಾಯಿಯೇ ಮರೆತರೂ ತಾನು ಮರೆಯೆನೆಂದು ಪ್ರವಾದಿ ಯೆಶಾಯನ ಮೂಲಕ ಭರವಸೆಯಿತ್ತ ದೇವರನ್ನು ನಾವು ನಂಬಿದವರು. ಅವರು ನಮ್ಮನ್ನು ಮರೆತಾಗ ಅವರನ್ನು ನೆನಪಿಟ್ಟುಕೊಳ್ಳುವುದು ನಮ್ಮ ಪಾಲಿನ ಕರ್ತವ್ಯ.