ಅಡುಗೆಮನೆಗೆ ಕೊನೆಯಲ್ಲಿ ಬಂದ ಬೆಳಕು

ಹಳೆಯ ಮನೆಯ ಗೋಡೆ ಕೆರೆದರೆ ಸುಣ್ಣದ ಪದರಗಳು ಕಾಣುತ್ತವೆ. ಅದರ ವೈರಿಂಗ್ ಬಿಚ್ಚಿದರೆ ಕಾಲದ ಪದರಗಳು ಕಾಣುತ್ತವೆ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಅಜ್ಜನ ಕಾಲದಿಂದ ನಾವಿರುವ ಮನೆಯ ಅಡುಗೆಮನೆಗೆ ಹೊಸ ದೀಪ, ಹೊಸ ಸ್ವಿಚ್ಚು ಹಾಕಿಸಲು ಹೊರಟಾಗ ನಮಗೆ ಈ ಮಾತು ಮನವರಿಕೆಯಾಯಿತು.

ದೀವಾನ್‌ಖಾನೆಯ ಗೋಡೆಯ ಮೇಲಿರುವುದು ತೇಗದ ಕೇಸಿಂಗ್. ಉದ್ದಕ್ಕೂ ಎರಡು ಸಾಲು ಕೊರೆದ ಪಟ್ಟಿ, ಅದರ ಮೇಲೆ ಮುಚ್ಚಳದಂತೆ ಇನ್ನೊಂದು ಪಟ್ಟಿ. ಒಳಗೆ ರಬ್ಬರ್ ಹೊದಿಸಿ ನೂಲು ಹೆಣೆದ ತಾಮ್ರದ ತಂತಿ. ಪಿಂಗಾಣಿ ತಳದ, ಹಿತ್ತಾಳೆ ಮುಚ್ಚಳದ ದುಂಡು ಸ್ವಿಚ್ಚು. ಇದು 1940ರ ದಶಕದ ಕೆಲಸ. ಅಲ್ಲಿಂದ ಅಡುಗೆಮನೆಗೆ ಹೋದ ತಂತಿಯೇ ಬೇರೆ. ಮರದ ಪಟ್ಟಿಗೆ ತಗಡಿನ ಕ್ಲಿಪ್ಪುಗಳಿಂದ ಬಿಗಿದ ಕಪ್ಪು ರಬ್ಬರ್ ಕೇಬಲ್ಲು ಅದು. ಅದರ ಕೊನೆಗೆ ಕಪ್ಪು ಬೇಕಲೈಟ್ ಸ್ವಿಚ್ಚು. 1963ರಲ್ಲಿ ಹಾಕಿಸಿದ್ದೆಂದು ಮನೆಯ ಹಿರಿಯರ ಲೆಕ್ಕ. ಅಂದರೆ ಗಂಡಸರು ಕೂತು ಮಾತನಾಡುವ ಕೋಣೆಗೆ ಕರೆಂಟು ಬಂದು ಸುಮಾರು ಇಪ್ಪತ್ತು ವರ್ಷಗಳಾದ ಮೇಲೆ ಅದು ಹದಿನೈದು ಹೆಜ್ಜೆ ದಾಟಿ ಒಲೆಯ ಬಳಿ ಬಂತು. ಅಲ್ಲಿಯವರೆಗೂ ದಾದಿ ರಂಜಾನಿನ ಸಹರಿಗೆ ರೊಟ್ಟಿ ಬೇಯಿಸಿದ್ದು ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ. ಮನೆಯಲ್ಲಿ ಎಲ್ಲರಿಗಿಂತ ಮೊದಲು, ಕತ್ತಲಲ್ಲೇ ಏಳುವವಳ ಕೋಣೆಗೆ ಬೆಳಕು ಎಲ್ಲಕ್ಕಿಂತ ಕೊನೆಯಲ್ಲಿ ಬಂದಿತ್ತು.

ಇದು ನಮ್ಮ ಮನೆಯೊಂದರ ಕತೆಯಲ್ಲ. ಮೈಸೂರು ಸಂಸ್ಥಾನದ ವಿದ್ಯುತ್ತಿನ ಚರಿತ್ರೆಯೂ ಹೀಗೆಯೇ ನಡೆದಿದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರ ಯೋಜನೆಯಿಂದ 1902ರ ಜೂನ್ 30ರಂದು ವಿದ್ಯುತ್ತು ಹರಿಯಿತು. ಅದು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಉರಿಯಿತು. 1908ರಲ್ಲಿ ಮೈಸೂರು ನಗರಕ್ಕೆ ಬಂತು. ಚಿನ್ನ, ಬೀದಿ, ಅರಮನೆ, ಕಚೇರಿ, ಆಮೇಲೆ ಉಳ್ಳವರ ಹಜಾರ. ಈ ಸಾಲಿನಲ್ಲಿ ಬಡವರ ಮನೆ ಬಹಳ ಹಿಂದೆ ನಿಂತಿತ್ತು. ಆ ಮನೆಯೊಳಗೂ ಅಡುಗೆಮನೆ ಕೊನೆಯಲ್ಲಿ ನಿಂತಿತ್ತು.

ಸ್ವಾತಂತ್ರ್ಯಾನಂತರ ಹಳ್ಳಿಗಳಿಗೆ ಕಂಬಗಳು ಬಂದವು. ಆದರೆ ಸರ್ಕಾರದ ಲೆಕ್ಕ ವಿಚಿತ್ರವಾಗಿತ್ತು. 1997ರವರೆಗೆ ಹಳ್ಳಿಯ ಎಲ್ಲೆಯೊಳಗೆ ಯಾವುದೇ ಉದ್ದೇಶಕ್ಕೆ ವಿದ್ಯುತ್ತು ಬಳಕೆಯಾದರೆ ಸಾಕು, ಅದು ವಿದ್ಯುದೀಕರಣಗೊಂಡ ಹಳ್ಳಿ. ಗದ್ದೆಯಲ್ಲೊಂದು ಪಂಪ್‌ಸೆಟ್ ಓಡಿದರೂ ಆಯಿತು, ಒಂದೇ ಒಂದು ಮನೆಯಲ್ಲಿ ದೀಪ ಇರಬೇಕೆಂದಿರಲಿಲ್ಲ. 2004ರಲ್ಲಿ ಬಂದ ಹೊಸ ವ್ಯಾಖ್ಯೆ ಕನಿಷ್ಠ ನೂರಕ್ಕೆ 10 ಮನೆಗಳಿಗಾದರೂ ಸಂಪರ್ಕವಿರಬೇಕು ಎಂದಿತು. ಇದರ ನಡುವೆ, 1970ರ ದಶಕದ ಕೊನೆಯಲ್ಲಿ ಆರಂಭವಾದ ಭಾಗ್ಯಜ್ಯೋತಿ ಯೋಜನೆ ನಮ್ಮ ರಾಜ್ಯದ ಬಡವರ ಮನೆಗೆ ಒಂದು ಬಲ್ಬು ಕೊಟ್ಟಿತು. ಸಣ್ಣ ಸಂಗತಿಯಲ್ಲ. ಆದರೆ ಆ ಒಂದು ಬಲ್ಬನ್ನು ಮನೆಯಲ್ಲಿ ಎಲ್ಲಿ ತೂಗುಹಾಕಬೇಕೆಂದು ಒಲೆಯ ಮುಂದಿದ್ದವಳನ್ನು ಕೇಳಿದವರು ಎಷ್ಟು ಮಂದಿ?

ನಮ್ಮ ಮನೆಗೆ ಮರಳೋಣ. ಹಳೆಯ ಕೇಬಲ್ಲನ್ನು ವೈರ್‌ಮನ್ ಬೆರಳಲ್ಲಿ ಮುಟ್ಟಿದ್ದೇ ತಡ, ರಬ್ಬರು ಒಣರೊಟ್ಟಿಯಂತೆ ಪುಡಿಯಾಯಿತು. ಒಲೆಯ ಶಾಖಕ್ಕೆ, ಹೊಗೆಗೆ, ಎಣ್ಣೆಜಿಡ್ಡಿಗೆ ಅರವತ್ತು ವರ್ಷ ಬೆಂದ ರಬ್ಬರು ಅದು. ಆಮೇಲೆ ಸ್ವಿಚ್ಚು ಆರಿಸಿ ಹೋಲ್ಡರಿಗೆ ಟೆಸ್ಟರ್ ಇಟ್ಟರು. ಟೆಸ್ಟರ್ ಹೊತ್ತಿಕೊಂಡಿತು. ಸ್ವಿಚ್ಚು ಇರಬೇಕಾದ್ದು ಫೇಸ್ ತಂತಿಯಲ್ಲಿ. ಇಲ್ಲಿ ನ್ಯೂಟ್ರಲ್‌ನಲ್ಲಿತ್ತು. ಎರಡು ತಂತಿಯ ಬಣ್ಣವೂ ಒಂದೇ ಆಗಿದ್ದರಿಂದ, ದೀವಾನ್‌ಖಾನೆಯಿಂದ ಜೋಡಿಸುವಾಗ ಅದಲುಬದಲಾಗಿತ್ತು. ಸ್ವಿಚ್ಚು ಒತ್ತಿದರೆ ದೀಪ ಆರುತ್ತಿತ್ತು, ಹೋಲ್ಡರಿನಲ್ಲಿ ಕರೆಂಟು ಹಾಗೆಯೇ ಉಳಿಯುತ್ತಿತ್ತು. ನೆಲಕ್ಕಿಳಿಯುವ ಅರ್ಥ್ ತಂತಿಯಂತೂ ಇರಲೇ ಇಲ್ಲ. ಲೋಹದ ಮೈಯ ಉಪಕರಣಗಳಿಗೆ ಅರ್ಥಿಂಗ್ ಇರಬೇಕೆಂದು 1956ರ ಭಾರತೀಯ ವಿದ್ಯುತ್ ನಿಯಮಗಳೇ ಹೇಳಿದ್ದವು. ನಮ್ಮಂಥ ಎಷ್ಟೋ ಮನೆಗಳ ಅಡುಗೆಮನೆಗೆ ಆ ನಿಯಮ ತಲುಪಲಿಲ್ಲ. ಆದರೆ ಮಿಕ್ಸರ್ ಬಂತು, ಗ್ರೈಂಡರ್ ಬಂತು, ಫ್ರಿಜ್ ಬಂತು. ಎಲ್ಲವೂ ಒಂದು ಬಲ್ಬಿಗೆಂದು ಎಳೆದ ಅದೇ ತಂತಿಗೆ ನೇತುಬಿದ್ದವು.

ಈಗ ಹೊಸ ವೈರಿಂಗ್ ಆಗಿದೆ. ದೀಪಗಳಿಗೆ 1.5, ಪ್ಲಗ್ಗುಗಳಿಗೆ 2.5, ಇಂಡಕ್ಷನ್ ಒಲೆಗೆ 4 ಚದರ ಮಿಲಿಮೀಟರಿನ ತಂತಿ. ಹಿತ್ತಿಲಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಪೈಪು ಇಳಿಸಿ ಅರ್ಥಿಂಗ್ ಮಾಡಿಸಿದ್ದೇವೆ. 30 ಮಿಲಿಆಂಪಿಯರ್‌ನಷ್ಟು ಸೋರಿದರೂ ತಟ್ಟನೆ ಕಡಿದುಹಾಕುವ ಸಾಧನ ಕೂತಿದೆ. ಒಲೆಯ ಮೇಲೊಂದು ದೀಪ, ತೊಳೆಯುವ ಜಾಗದಲ್ಲೊಂದು. ಮೊದಲು ಬಾಗಿಲ ಹೊರಗಿದ್ದ ಸ್ವಿಚ್ಚು ಈಗ ಒಳಗೆ, ಅಮ್ಮಿಯ ಕೈಗೆಟುಕುವಲ್ಲಿದೆ. 2023ರಲ್ಲಿ ಗೃಹಜ್ಯೋತಿ ಬಂದಾಗ 200 ಯೂನಿಟ್‌ವರೆಗಿನ ಬಿಲ್ಲಿನ ಬಗ್ಗೆ ಮನೆಮನೆಯಲ್ಲೂ ಮಾತಾಯಿತು. ಆ ಯೂನಿಟ್ಟುಗಳು ಹರಿದು ಬರುವ ತಂತಿಯ ಬಗ್ಗೆ ನಾವು ಯಾರೂ ಮಾತಾಡಲಿಲ್ಲ. ಹಳೆಯ ಮನೆಯಲ್ಲಿರುವವರು ಒಬ್ಬ ವೈರ್‌ಮನ್ನನ್ನು ಕರೆಸಿ, ಅಡುಗೆಮನೆಯ ದೀಪ ಆರಿಸಿ, ಒಮ್ಮೆ ಟೆಸ್ಟರ್ ಇಡಿಸಿ ನೋಡಲಿ.

1982ರಲ್ಲಿ ಅಮ್ಮಿ ಬಲ್ಬು ಕಳಚಿ, ಹೋಲ್ಡರಿನ ಮಸಿ ಒರೆಸುವಾಗ ಶಾಕ್ ಹೊಡೆದು ಮಣೆಯ ಮೇಲಿಂದ ಬಿದ್ದಿದ್ದರು. ಮಣಿಕಟ್ಟು ಮುರಿದಿತ್ತು. ಅವರದೇ ಅಜಾಗರೂಕತೆ, ಸ್ವಿಚ್ಚು ಆರಿಸದೆ ಒದ್ದೆ ಬಟ್ಟೆ ಹಿಡಿದಿದ್ದಾರೆ ಎಂದು ಮನೆಮಂದಿಯೆಲ್ಲ ತೀರ್ಮಾನಿಸಿದ್ದರು. ನಾವೂ ಅದನ್ನೇ ಕೇಳುತ್ತ, ನಂಬುತ್ತ ಬೆಳೆದೆವು. ವೈರ್‌ಮನ್ ಹೇಳಿದ್ದನ್ನು ಮೊನ್ನೆ ಅಮ್ಮಿಗೆ ವಿವರಿಸಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಸ್ವಿಚ್ಚು ಆರಿಸಿದ್ದೆ ಅಂತ ಅವತ್ತೇ ಹೇಳಿದ್ದೆನಲ್ಲ" ಎಂದರು.

ಹೌದು, ಹೇಳಿದ್ದರು. ಆ ಮಾತು ನಮ್ಮ ಕಿವಿಗೆ ಬೀಳಲು ನಲವತ್ತು ವರ್ಷ ಹಿಡಿಯಿತು.