ಬುಡ್ಡಿದೀಪದ ಅರ್ಥಶಾಸ್ತ್ರ

ತೈಲಬೆಲೆ ಏರಿತು ಎಂದೊಡನೆ ನಿಮ್ಮ ಕಣ್ಣೆದುರು ಸ್ಕೂಟರು, ಕಾರುಗಳು ಬರಬಹುದು. ನಾವು ಈ ಚರಿತ್ರೆಯನ್ನು ಬುಡ್ಡಿದೀಪದ ಪಕ್ಕದಲ್ಲಿ ಕುಳಿತು ನೋಡೋಣ.

1973ರ ಅಕ್ಟೋಬರ್‌ನಲ್ಲಿ ಅರಬ್-ಇಸ್ರೇಲ್ ಯುದ್ಧ ನಡೆದಾಗ ಅರಬ್ ರಾಷ್ಟ್ರಗಳು ತೈಲೋತ್ಪಾದನೆಯನ್ನು ತಗ್ಗಿಸಿದವು. ಪೀಪಾಯಿಗೆ ಸುಮಾರು 3 ಡಾಲರ್ ಇದ್ದ ಕಚ್ಚಾತೈಲ 1974ರ ಆರಂಭದಲ್ಲಿ 12 ಡಾಲರ್‌ಗಳ ಸಮೀಪಕ್ಕೆ ಬಂತು. ಬೇಕಾದ ತೈಲದ ಬಹುಪಾಲನ್ನು ಹೊರಗಿನಿಂದ ತರಿಸುತ್ತಿದ್ದ ಭಾರತಕ್ಕೆ ಇದು ದೊಡ್ಡ ಹೊಡೆತ. ಆ ನವೆಂಬರ್‌ನಲ್ಲಿ ಅಟಲ್ ಬಿಹಾರಿ ವಾಜಪೇಯಿಯವರು ಪ್ರತಿಭಟನೆಗಾಗಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದರು. ಆದರೆ ಗಾಡಿ ಹೊಡೆಯುವವನ ಮನೆಯ ದೀಪಕ್ಕೂ ಸೀಮೆಎಣ್ಣೆಯೇ ಬೇಕಿತ್ತಲ್ಲವೆ?

ಬೆಲೆ ಬಡವನ ಮನೆಗೆ ಎರಡು ದಾರಿಗಳಿಂದ ಬರುತ್ತದೆ. ಒಂದು ನೇರ ದಾರಿ: ದೀಪದ ಎಣ್ಣೆ, ಸ್ಟವ್ವಿನ ಎಣ್ಣೆ. ಇನ್ನೊಂದು ಸುತ್ತುದಾರಿ: ಡೀಸೆಲ್ ದುಬಾರಿಯಾದರೆ ಲಾರಿ ಬಾಡಿಗೆ ಏರುತ್ತದೆ, ಸಂತೆಯ ಈರುಳ್ಳಿಯೂ ಏರುತ್ತದೆ. ಸರ್ಕಾರಿ ನೌಕರನಿಗೆ ತುಟ್ಟಿಭತ್ಯೆ ಉಂಟು. ದಿನಗೂಲಿಯವನ ಕೂಲಿ ಅಷ್ಟು ಬೇಗ ಏರುವುದಿಲ್ಲ. ಅಂದಿನ ಬೆಲೆಯೇರಿಕೆಗೆಲ್ಲ ತೈಲವೇ ಕಾರಣವೆಂದು ಮಾತ್ರ ಬರೆಯಬೇಡಿ. 1972ರ ಬರಗಾಲ ಮೊದಲೇ ಧಾನ್ಯದ ಬೆಲೆಯನ್ನು ಏರಿಸಿತ್ತು.

ಬಡವರ ರಕ್ಷಣೆಗೆಂದು ಸರ್ಕಾರ ಸೀಮೆಎಣ್ಣೆಯ ಬೆಲೆಯನ್ನು ಕೆಳಗೇ ಹಿಡಿದು, ಪಡಿತರ ಚೀಟಿಯ ಮೇಲೆ ಹಂಚಿತು. ಉದ್ದೇಶ ಒಳ್ಳೆಯದೇ. ಆದರೆ ಡೀಸೆಲ್‌ಗಿಂತ ಅಗ್ಗವಾದ ಎಣ್ಣೆ ಡೀಸೆಲ್ ಟ್ಯಾಂಕಿನತ್ತ ಹರಿಯತೊಡಗಿತು. ಕಲಬೆರಕೆ ಪತ್ತೆಗಾಗಿ ನೀಲಿ ಬಣ್ಣ ಬೆರೆಸಿದರೂ ಸೋರಿಕೆ ನಿಲ್ಲಲಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ "ಸ್ಟಾಕ್ ಇಲ್ಲ" ಎಂದರೆ ಬಡವರು ಕಾಳಸಂತೆಯ ಬೆಲೆ ತೆರಬೇಕು, ಇಲ್ಲವೆ ಸೌದೆ ಆರಿಸಲು ಹೋಗಬೇಕು. ಕ್ಯಾನು ಹಿಡಿದು ಸರದಿಯಲ್ಲಿ ನಿಂತು ಕಳೆದುಕೊಂಡ ಅರ್ಧ ದಿನದ ಕೂಲಿಯನ್ನು ಯಾವ ಬೆಲೆಪಟ್ಟಿಯೂ ಲೆಕ್ಕ ಹಿಡಿಯಲಿಲ್ಲ. ನನ್ನ ದೃಷ್ಟಿಯಲ್ಲಿ ಸೀಮೆಎಣ್ಣೆಯ ನಿಜವಾದ ಬೆಲೆ ಅದನ್ನೂ ಸೇರಿಸಿದ್ದು.

1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಕಚ್ಚಾತೈಲದ ಬೆಲೆ ಕೆಲವೇ ತಿಂಗಳುಗಳಲ್ಲಿ ಇಮ್ಮಡಿಯಾಯಿತು. ಮೊದಲೇ ಸೊರಗಿದ್ದ ವಿದೇಶಿ ವಿನಿಮಯ ಇನ್ನಷ್ಟು ಕರಗಿ, 1991ರಲ್ಲಿ ದೇಶ ಚಿನ್ನವನ್ನೇ ಅಡವಿಡಬೇಕಾಯಿತು. ಮುಂದೆ ಬೆಲೆ ನಿಯಂತ್ರಣಗಳು ಒಂದೊಂದಾಗಿ ಸಡಿಲಗೊಂಡು, 2014ರ ಅಕ್ಟೋಬರ್‌ನಲ್ಲಿ ಡೀಸೆಲ್ಲೂ ಮಾರುಕಟ್ಟೆಯ ಕೈಗೆ ಹೋಯಿತು.

2016ರಲ್ಲಿ ಆರಂಭವಾದ ಉಜ್ವಲಾ ಯೋಜನೆ ಬಡ ಮಹಿಳೆಯರಿಗೆ ಠೇವಣಿಯಿಲ್ಲದೆ ಅಡುಗೆ ಅನಿಲದ ಸಂಪರ್ಕ ನೀಡಿತು. ಹೊಗೆ ತಪ್ಪಿದ್ದು ಸಣ್ಣ ಮಾತಲ್ಲ. ಆದರೆ ಸೀಮೆಎಣ್ಣೆಯನ್ನು ಅಂದಿನ ಕೂಲಿಯಲ್ಲಿ ಅರ್ಧ ಲೀಟರ್ ಕೊಳ್ಳಬಹುದಿತ್ತು. ಸಿಲಿಂಡರಿಗೆ ಪೂರ್ತಿ ಹಣವನ್ನು ಒಮ್ಮೆಗೇ ಎಣಿಸಬೇಕು. ಹಾಗಾಗಿ ಎಷ್ಟೋ ಮನೆಗಳಲ್ಲಿ ಅನಿಲದ ಒಲೆಯ ಪಕ್ಕದಲ್ಲೇ ಸೌದೆಯ ಒಲೆಯೂ ಉಳಿದುಕೊಂಡಿದೆ.