ರೈಟರ್ ಹೇಳದೇ ಬಿಟ್ಟ ಸುದ್ದಿ

ಕೊಡಗಿನ ಮಳೆಗಾಲ ಗೊತ್ತಲ್ಲ, ಕರೆಂಟು ಇರೋದಕ್ಕಿಂತ ಹೋಗೋದೇ ಜಾಸ್ತಿ. ಅಂಥದ್ದೇ ಒಂದು ದಿನ ಮಡಿಕೇರಿಯ ಮನೆಯಲ್ಲಿ ಕೂತು ಅಜ್ಜಿಯ ಫೋಟೋಗಳನ್ನೆಲ್ಲ ಹಳೇ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿದೆ. ಒಂದೂ ಎರರ್ ಬರಲಿಲ್ಲ. ನೆಮ್ಮದಿಯಿಂದ ಕ್ಯಾಮೆರಾ ಕಾರ್ಡ್ ಅಳಿಸಿದೆ. ಬೆಂಗಳೂರಿಗೆ ಬಂದು ನೋಡಿದರೆ ಅರ್ಧಕ್ಕರ್ಧ ಫೋಟೋ ತೆರೆಯುತ್ತಲೇ ಇಲ್ಲ! ಲಿನಕ್ಸ್ ಕರ್ನಲ್‌ನ ಲಾಗ್ ತೆಗೆದರೆ ಡ್ರೈವರ್ ಆಗಲೇ ಬರೆದಿಟ್ಟಿತ್ತು: ಐ/ಓ ಎರರ್. ಹಾಗಾದರೆ ನನಗೇಕೆ ಯಾರೂ ಹೇಳಲಿಲ್ಲ? ಹುಡುಕುತ್ತಾ ಹೋದಾಗ ಸಿಕ್ಕ ಇತಿಹಾಸ ಇದು. ಸ್ವಲ್ಪ ಟೆಕ್ನಿಕಲ್, ಸಹಿಸಿಕೊಳ್ಳಿ :-)

ಪ್ರೋಗ್ರಾಂ ಫೈಲ್ ಬರೆದಾಗ ಅದು ತಕ್ಷಣ ಡಿಸ್ಕಿಗೆ ಹೋಗೋದಿಲ್ಲ. ಕರ್ನಲ್ ಅದನ್ನು ಮೆಮೊರಿಯಲ್ಲಿಟ್ಟುಕೊಂಡು 'ಆಯ್ತು' ಅಂದುಬಿಡುತ್ತೆ. ಡಿಸ್ಕಿಗೆ ಬರೆಯೋದು ಆಮೇಲೆ. ಆಗ ಬರೆಯಲಾಗದಿದ್ದರೆ ಡ್ರೈವರ್ ಒಂದೆರಡು ಸಲ ಮತ್ತೆ ಪ್ರಯತ್ನಿಸಿ, ಕೊನೆಗೆ 'ಇಐಓ' ಎಂಬ ಎರರ್ ಕೋಡನ್ನು ಮೇಲಕ್ಕೆ ಕಳಿಸುತ್ತೆ. ನಮ್ಮ ಕಾಫಿ ತೋಟದ ಹಾಗೇ. ಬೇಲಿ ಮುರಿದದ್ದನ್ನು ಆಳು ಮೇಸ್ತ್ರಿಗೆ ಹೇಳಬೇಕು, ಮೇಸ್ತ್ರಿ ರೈಟರ್‌ಗೆ, ರೈಟರ್ ಸಾಹುಕಾರರಿಗೆ. ನಡುವೆ ಒಬ್ಬ ಸುಮ್ಮನಾದರೆ ಆನೆ ತೋಟದೊಳಗೆ!

2005ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವಿಜಯನ್ ಪ್ರಭಾಕರನ್ ಮತ್ತು ಸಂಗಡಿಗರು ಬೇಕೆಂದೇ ಡಿಸ್ಕ್ ಎರರ್ ಹುಟ್ಟಿಸಿ ಫೈಲ್ ಸಿಸ್ಟಂಗಳನ್ನು ಪರೀಕ್ಷಿಸಿದರು. ಬರೆಯುವಾಗ ಎರರ್ ಬಂದರೆ ರೈಸರ್‌ಎಫ್‌ಎಸ್ ಇಡೀ ಸಿಸ್ಟಮ್ಮನ್ನೇ ನಿಲ್ಲಿಸುತ್ತಿತ್ತು. ಆಗ ಎಲ್ಲರೂ ಬಳಸುತ್ತಿದ್ದ ಇಎಕ್ಸ್‌ಟಿ3 ಏನೂ ಆಗದವರಂತೆ ಮುಂದೆ ಹೋಗುತ್ತಿತ್ತು. 2008ರಲ್ಲಿ ಅದೇ ವಿಶ್ವವಿದ್ಯಾಲಯದ ಹರ್ಯಾದಿ ಗುನಾವಿ ಮೊದಲಾದವರು ಲಿನಕ್ಸ್ 2.6ರ ಫೈಲ್ ಸಿಸ್ಟಂಗಳನ್ನೂ ಮೂರು ಮುಖ್ಯ ಸ್ಟೋರೇಜ್ ಡ್ರೈವರ್‌ಗಳನ್ನೂ ಜಾಲಾಡಿದರು. 1153 ಕಡೆ, ಅಂದರೆ ಶೇ. 13ರಷ್ಟು ಕರೆಗಳಲ್ಲಿ, ಎರರ್ ಕೋಡನ್ನು ಹಾಗೇ ಕೈಬಿಡಲಾಗಿತ್ತು. ಓದುವಾಗಿನ ಎರರ್‌ಗಿಂತ ಬರೆಯುವಾಗಿನದ್ದಕ್ಕೇ ಹೆಚ್ಚು ಅಸಡ್ಡೆ. ಎಷ್ಟೋ ಕಡೆ ಇದು ಕಣ್ತಪ್ಪಲ್ಲ, ಬೇಕೆಂದೇ ಬಿಟ್ಟಿದ್ದಿರಬೇಕು ಅಂತಲೂ ಬರೆದರು.

'ನಿಜವಾಗಿ ಡಿಸ್ಕಿಗೆ ಹೋಯ್ತಾ?' ಅಂತ ಕೇಳೋದಕ್ಕೆ ಎಫ್‌ಸಿಂಕ್ ಇದೆ. 2018ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸಿನವರಿಗೆ ಅದರ ಬಣ್ಣವೂ ಬಯಲಾಯಿತು. ಮೊದಲ ಸಲ ಎರರ್ ಹೇಳಿದ ಲಿನಕ್ಸ್, ಎರಡನೇ ಸಲ ಕೇಳಿದರೆ 'ಎಲ್ಲಾ ಸರಿ' ಅನ್ನುತ್ತಿತ್ತು, ಡೇಟಾ ಡಿಸ್ಕಿಗೆ ಹೋಗದಿದ್ದರೂ! 2019ರ ಫೆಬ್ರವರಿಯಿಂದ ಪೋಸ್ಟ್‌ಗ್ರೆಸ್ ಎಫ್‌ಸಿಂಕ್ ಸೋತ ಕೂಡಲೇ ಕೆಲಸ ನಿಲ್ಲಿಸಿ, ತನ್ನ ಲಾಗಿನಿಂದ ಮತ್ತೆ ಕಟ್ಟಿಕೊಳ್ಳುತ್ತದೆ. ನಾನು ಬಳಸಿದ ಮಾಮೂಲಿ ಕಾಪಿ ಕಮಾಂಡ್ ಎಫ್‌ಸಿಂಕನ್ನು ಕೇಳೋದೇ ಇಲ್ಲ.

ಬೈಯೋಣ ಅಂತ ಹೊರಟವನು ಮೊದಲು ನಾನೇ ಬರೆದ ಕೋಡ್ ತೆಗೆದು ನೋಡಿದೆ. ರಿಟರ್ನ್ ವ್ಯಾಲ್ಯೂ ನೋಡದೇ ಬಿಟ್ಟ ಜಾಗ ನಾಲ್ಕು ಸಿಕ್ಕವು. ರೈಟರ್ ನಾನೂ ಹೌದು. ನಾಲ್ಕನ್ನೂ ಸರಿಮಾಡಿದೆ. ಅಜ್ಜಿಯ ಫೋಟೋಗಳು ಮಾತ್ರ ವಾಪಸ್ ಬರಲಿಲ್ಲ.

ನೀವು ಕಾಪಿ ಮಾಡಿದ್ದನ್ನು ಒಮ್ಮೆ ತೆರೆದು ನೋಡಿದ್ದೀರಾ?